ನೂರಾ ಹನ್ನೊಂದನೆಯ ಆನೆ

ಮಂಡಿ ಮೊಹಲ್ಲಾದ ಒಂದು ಅಡ್ಡರಸ್ತೆ,
ತಗಡಿನ ಮಾಡು, ಒಂದೇ ಟ್ಯೂಬ್‌ಲೈಟು,
ಅದರ ಕೆಳಗೆ ನಾವು ನಾಲ್ವರು,
ಮೂಗಿನೊಳಗೆ ಬೀಟೆಯ ಪುಡಿ.
ಸಂಜೆ ಮನೆಗೆ ಹೋಗಿ ಸೀನಿದರೆ
ಸೆರಗಿನಲ್ಲೂ ಕಾಫಿ ಬಣ್ಣ.

ಈ ತಿಂಗಳು ನೂರಾ ಹತ್ತು ಆನೆ ಕೊಯ್ದಿದ್ದೇನೆ.
ಎಲ್ಲವೂ ಎಡದಿಂದ ಬಲಕ್ಕೇ ನಡೆಯುತ್ತವೆ,
ಸೊಂಡಿಲನ್ನು ಒಂದೇ ಎತ್ತರಕ್ಕೆ ಎತ್ತುತ್ತವೆ,
ಯಾವುದಕ್ಕೂ ದಾರಿಯಲ್ಲಿ ಬಾಯಾರುವುದಿಲ್ಲ.
ಕಣ್ಣು ಮುಚ್ಚಿ ಕೊಯ್ಯಬಲ್ಲೆ.
ಅದೇ ಭಯ.

ಗಫೂರ್ ಚಾಚಾ ಮೊದಲು ಕಲಿಸಿದ್ದು ಗರಗಸವಲ್ಲ.
ಹಲಸಿನ ಚೂರೊಂದನ್ನು ಕೈಗಿಟ್ಟು
"ಇದರಲ್ಲಿ ಏನಿದೆ?" ಎಂದರು.
ಮರ ಎಂದೆ.
"ಮತ್ತೆ ನೋಡು."
ಹಳದಿ ಎಂದೆ.
ಬೀಡಿ ಹಚ್ಚಿಕೊಂಡು ಹೊರಗೆ ಹೋದರು.

ಹದಿನೈದು ದಿನ ಕಸ ಗುಡಿಸಿದೆ.
ಹದಿನಾರನೆಯ ದಿನ, ಪೊರಕೆಯ ತುದಿಗೆ ಸಿಕ್ಕ ಚೂರಿನಲ್ಲಿ,
ಗಂಟಿನ ಸುತ್ತ ಎಳೆಗಳು ಸುಳಿದಿದ್ದ ಕಡೆ,
ಸಂಜೆ ಐದೂವರೆಯ ಆಕಾಶ ಕಂಡಿತು:
ಮಳೆ ನಿಂತು, ಹೋಗಿದ್ದ ಬಿಸಿಲು
ಮರೆತ ಕೊಡೆ ಕೇಳಲು ವಾಪಸು ಬಂದ ಹೊತ್ತು.
ಓಡಿ ಹೋಗಿ ತೋರಿಸಿದೆ.
"ಹಾಂ," ಎಂದರು.
ಇಪ್ಪತ್ತೆರಡು ವರ್ಷವಾಯಿತು,
ಆ ಹಾಂ ಇನ್ನೂ ಖರ್ಚಾಗಿಲ್ಲ.

ನಮ್ಮ ಕಸುಬಿನಲ್ಲಿ ಬಣ್ಣ ಬಳಿಯುವುದಿಲ್ಲ.
ಆಕಾಶ ಬೇಕಾದವರು ಆಕಾಶವಿರುವ ಮರ ಹುಡುಕಬೇಕು.
ಸಿಗದ ದಿನ
ಟೀ ಕುಡಿದು, ಮತ್ತೆ ಹುಡುಕಬೇಕು.

ಈ ಸಲ ನನಗೆ ನಮ್ಮ ಬೀದಿಯ ನಲ್ಲಿ ಬೇಕಾಯಿತು.
ಬೆಳಗಿನ ನಾಲ್ಕೂಮುಕ್ಕಾಲು. ಕೊಡಗಳ ಸಾಲು,
ಜನ ಯಾರೂ ಇಲ್ಲ,
ರುದ್ರಮ್ಮ ಮಾತ್ರ ತನ್ನ ಜಾಗಕ್ಕೆ
ಒಂದು ಕಾಲಿನ ಚಪ್ಪಲಿ ಕಾವಲಿಟ್ಟು
ಇನ್ನೊಂದರಲ್ಲಿ ಕುಂಟುತ್ತ ಒಳಗೆ ಹೋಗಿದ್ದಾಳೆ.
ಆ ಒಂಟಿ ಚಪ್ಪಲಿಯ ಗತ್ತು!
ಅದನ್ನು ಹಿಡಿಯಬೇಕಿತ್ತು.

ಕೂತ ಕೂಡಲೇ ತಲೆಯೊಳಗೆ ಸಂತೆ.
ಪ್ಲಾಸ್ಟಿಕ್ ಕೊಡ ಯಾರ ನಡುಮನೆಗೆ ಬೇಕು?
ನೀನೇನು ದೊಡ್ಡ ಕಲಾವಿದೆಯೋ?
ದಿನಗೂಲಿಗೆ ಆನೆ ಕೊಯ್ಯುವವಳು.
ಕೂದಲೆಳೆಯ ಬ್ಲೇಡು ಏಳು ಸಲ ತುಂಡಾಯಿತು.
ಅಳುಕಿದ ಕೈಯ ಮೇಲೆ ಬ್ಲೇಡು ಚಾಡಿ ಹೇಳುತ್ತದೆ:
ಎಲ್ಲಿ ನಿಂತು ಯೋಚಿಸಿದೆನೋ
ಅಲ್ಲೆಲ್ಲ ಅಂಚಿಗೆ ಹಲ್ಲು ಮೂಡಿತ್ತು.

ಧೈರ್ಯ ಎಂದರೆ ಎದೆಯುಬ್ಬಿಸುವ ಏನೋ ಅಂದುಕೊಂಡಿದ್ದೆ.
ಅಲ್ಲ, ಗೆರೆ ಮುಗಿಯುವ ತನಕ
ಉಸಿರು ಬಿಡದಿರುವುದು, ಅಷ್ಟೆ.
ಆಮೇಲೆ ಬಿಡಬಹುದು. ಅಳಬಹುದು ಕೂಡ,
ಚೂರುಗಳು ಹಾರದಂತೆ, ಪಕ್ಕಕ್ಕೆ ತಿರುಗಿ.

ನೀಲಿ ಕೊಡಕ್ಕೆ ನೀಲಿ ಮರ ಎಲ್ಲಿಂದ ತರಲಿ?
ಹೊನ್ನೆ, ಮತ್ತಿ, ತೇಗ, ಎಲ್ಲ ತಡಕಿದೆ.
ಮೂರು ವಾರ ಕೊಡವಿದ್ದ ಜಾಗ ತೂತಾಗಿಯೇ ಇತ್ತು.
ಕೊನೆಗೆ ಸಾಮಿಲ್ಲಿನ ಸೌದೆ ರಾಶಿಯಲ್ಲಿ
ಮಳೆಗೆ ನೆನೆದು, ಬೂಷ್ಟು ಹಿಡಿದ ಮಾವಿನ ತುಂಡು,
ಒಳಗೆ ಬೂದುನೀಲಿಯ ಒಂದು ಬರೆ.
ಹತ್ತು ರೂಪಾಯಿಗೆ ಕೊಟ್ಟರು.
"ಒಲೆಗಾ ಅಕ್ಕ?"
ಹೂಂ ಎಂದೆ. ಸುಳ್ಳೇನಲ್ಲ.

ಅಂಗಡಿಯ ಯಜಮಾನರು ದೂರ ಹಿಡಿದು ನೋಡಿದರು,
ಹತ್ತಿರ ಹಿಡಿದು ನೋಡಿದರು.
"ಆನೆ ಎಲ್ಲಮ್ಮಾ?"

ಪೊರೆ ಬಂದ ಕಣ್ಣಿನ ಚಾಚಾ ಮಾತ್ರ ನೋಡಲಿಲ್ಲ,
ಹೆಬ್ಬೆರಳಿನಿಂದ ಇಡೀ ಚಿತ್ರ ಸವರಿದರು,
ಚಪ್ಪಲಿಯ ಹಿಮ್ಮಡಿಯ ಬಳಿ ನಿಂತರು.
"ಇಲ್ಲಿ ಸಂದು ಬಿಟ್ಟಿದೆ, ಉಗುರು ಹೋಗುತ್ತೆ."
ಒಂದು ಗಳಿಗೆ ಸುಮ್ಮನಿದ್ದು,
"ಯಾರದು ಈ ಚಪ್ಪಲಿ?"

ಚಿತ್ರವೀಗ ನಮ್ಮ ಮನೆಯ ಡ್ರಮ್ಮಿನ ಮೇಲೆ ತೂಗುತ್ತಿದೆ.
ರುದ್ರಮ್ಮ ಬಂದು ನೋಡಿ,
ಆ ಚಪ್ಪಲಿ ಹರಿದು ಬಹಳ ದಿನವಾಯಿತು ಎಂದಳು,
ಹೊಸದರದ್ದು ಯಾವಾಗ ಮಾಡುತ್ತೀ ಎಂದಳು.

ಇವತ್ತು ಬೆಳಿಗ್ಗೆ ಮತ್ತೆ ಆನೆ.
ಹಲಗೆಯ ಮೇಲೆ ಅದೇ ಹಳೆಯ ಅಚ್ಚು,
ಅದೇ ಸೊಂಡಿಲು, ಅದೇ ಬಲಗಡೆ.
ಕುತ್ತಿಗೆಯ ಬಳಿ ಬಂದಾಗ ಬ್ಲೇಡನ್ನು
ಒಂದು ನೂಲು ಈಚೆಗೆ ತಿರುಗಿಸಿದೆ.

ಮುಂದೆ ಹೋಗುತ್ತಲೇ
ಅದು ಹಿಂದೆ ತಿರುಗಿ ನೋಡುತ್ತಿದೆ,
ಯಾರೋ ಹೆಸರು ಹಿಡಿದು ಕರೆದ ಹಾಗೆ.